ಎಲ್‌ಎಲ್‌ಎಂ ಅರ್ಜಿಗೆ ಪರ್ಸನಲ್ ಸ್ಟೇಟ್‌ಮೆಂಟ್: ಜಮೀನು ಕೇಸುಗಳ ಅನುಭವ ಇಟ್ಟುಕೊಂಡು ಏನು ಬರೆಯಲಿ?

ಧಾರವಾಡದ_ಜೂನಿಯರ್

ಎಲ್ಲರಿಗೂ ನಮಸ್ಕಾರ. ಅಮೆರಿಕ ಮತ್ತು ಇಂಗ್ಲೆಂಡಿನ ಕೆಲವು ಕಡೆ ಎಲ್‌ಎಲ್‌ಎಂಗೆ (ಕಾನೂನಿನ ಸ್ನಾತಕೋತ್ತರ ಪದವಿ) ಅರ್ಜಿ ಹಾಕಬೇಕು ಅಂತಿದ್ದೇನೆ. ಅಂಕಪಟ್ಟಿ, ರೆಸ್ಯೂಮೆ ಎಲ್ಲ ಸಿದ್ಧವಾಗಿದೆ. ನಾನು ಯಾರು, ಯಾಕೆ ಓದಬೇಕು ಅಂತ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ.

ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದ್ದೇನೆ. ಈಗ ಒಬ್ಬ ಸೀನಿಯರ್ ಹತ್ತಿರ ಜೂನಿಯರ್. ಹಾವೇರಿ ಜಿಲ್ಲೆಯ ಜಮೀನು ಕೇಸುಗಳು ಜಾಸ್ತಿ. ಪಿಟಿಸಿಎಲ್ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಅರ್ಜಿಗಳಿಗೆ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಓಡಾಡುವವಳು ನಾನೇ. ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸೀನಿಯರ್ ವಾದ ಮಾಡುವಾಗ ಹಿಂದೆ ಕೂತು ಕಡತ ನೋಡಿಕೊಳ್ಳುತ್ತೇನೆ.

ನೆಟ್‌ನಲ್ಲಿ ಸಿಗುವ ಮಾದರಿಗಳೆಲ್ಲ ನ್ಯಾಷನಲ್ ಲಾ ಸ್ಕೂಲುಗಳಲ್ಲಿ ಓದಿದವರದ್ದು. ಅವರಿಗೆ ಮೂಟ್ ಕೋರ್ಟ್ ಬಹುಮಾನ, ಜರ್ನಲ್ ಲೇಖನ, ದೊಡ್ಡ ಫರ್ಮುಗಳ ಇಂಟರ್ನ್‌ಶಿಪ್ ಇರುತ್ತದೆ. ನನ್ನ ಹತ್ತಿರ ಇರುವುದು ಪಹಣಿ, ಮ್ಯುಟೇಶನ್, ವಾಯಿದೆ.

ಇಂಗ್ಲಿಷಿನಲ್ಲಿ ಬರೆದಿರುವ ಮೊದಲ ಪ್ಯಾರಾ ಕನ್ನಡದಲ್ಲಿ ಹೇಳಿದರೆ ಹೀಗಿದೆ: "ಚಿಕ್ಕಂದಿನಿಂದಲೂ ನನಗೆ ನ್ಯಾಯದ ಬಗ್ಗೆ ಅಪಾರ ಒಲವು. ನಮ್ಮ ಭಾಗದ ಬಡವರಿಗೆ ಆಗುವ ಅನ್ಯಾಯ ನೋಡಿ ವಕೀಲಳಾಗಲು ನಿರ್ಧರಿಸಿದೆ. ಕಾನೂನು ಸಮಾಜವನ್ನು ಬದಲಿಸುವ ಸಾಧನ ಎಂದು ದೃಢವಾಗಿ ನಂಬಿದ್ದೇನೆ. ನಿಮ್ಮ ವಿಶ್ವವಿಖ್ಯಾತ ಸಂಸ್ಥೆಯಲ್ಲಿ ಓದುವುದು ನನ್ನ ಬಹುದಿನದ ಕನಸು."

ದಯವಿಟ್ಟು ನೇರವಾಗಿ ಹೇಳಿ.

ಲಂಡನ್_ಕನ್ನಡತಿ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಪ್ಯಾರಾದಲ್ಲಿ ಸುಳ್ಳೇನೂ ಇಲ್ಲ. ಆದರೆ ನಿಮ್ಮದು ಅನ್ನುವಂಥದ್ದೂ ಏನೂ ಇಲ್ಲ. ಇದರ ಕೆಳಗೆ ಲಖನೌದವರು, ಲಾಗೋಸಿನವರು ಯಾರು ಬೇಕಾದರೂ ಸಹಿ ಹಾಕಬಹುದು. ಹಾವೇರಿ ಎಲ್ಲಿದೆ ಇದರಲ್ಲಿ? ಎ.ಸಿ. ಕೋರ್ಟ್ ಎಲ್ಲಿದೆ?

ಬೇರೆಯವರ ಮಾದರಿ ನೋಡಿ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿ ಎಲ್ಲರೂ ಹೇಳುವ ಒಂದು ನಿಜ ಸಂಗತಿ ಇದೆ. ಬ್ರಿಟನ್ನಿನಲ್ಲಿ ಪದವಿ ಅರ್ಜಿಗಳನ್ನು ನೋಡಿಕೊಳ್ಳುವ ಯುಕಾಸ್ ಸಂಸ್ಥೆ 2007ರಲ್ಲಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿತು. ಎಂಟನೇ ಹುಟ್ಟುಹಬ್ಬಕ್ಕೆ ಸಿಕ್ಕ ಕೆಮಿಸ್ಟ್ರಿ ಸೆಟ್‌ನಿಂದ ಪೈಜಾಮ ಸುಟ್ಟುಕೊಂಡ ಕಥೆ 234 ಅರ್ಜಿಗಳಲ್ಲಿ ಇತ್ತು. ಎಲ್ಲರೂ ಒಂದೇ ಮಾದರಿಯಿಂದ ಎತ್ತಿಕೊಂಡಿದ್ದರು.

ಎರಡನೆಯದು, ಪ್ರತಿ ಶಾಲೆ ಏನು ಕೇಳಿದೆ ಅಂತ ಮೊದಲು ಓದಿಕೊಳ್ಳಿ. ಹಾರ್ವರ್ಡ್ ಎಲ್‌ಎಲ್‌ಎಂಗೆ ಒಟ್ಟು 1,500 ಪದಗಳ ಮಿತಿ, ಅದರಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಒಂದು ಕಾನೂನು ಸಮಸ್ಯೆ ತೆಗೆದುಕೊಂಡು ಅದನ್ನು ಹೇಗೆ ಬಿಡಿಸುತ್ತೀರಿ ಅಂತ ಬರೆಯಬೇಕು. ಎರಡನೆಯದರಲ್ಲಿ ನೀವು ಯಾರು, ಇಲ್ಲಿಗೆ ಯಾಕೆ, ಮುಂದೇನು. ಆಕ್ಸ್‌ಫರ್ಡಿನ ಬಿಸಿಎಲ್‌ಗೆ (ಅಲ್ಲಿನ ಎಲ್‌ಎಲ್‌ಎಂ ಮಟ್ಟದ ಪದವಿ) 300 ಪದ ಅಷ್ಟೇ. ಅಲ್ಲಿ "ವಿಶ್ವವಿಖ್ಯಾತ ಸಂಸ್ಥೆ" ಅಂತ ಹೊಗಳುತ್ತಾ ಕೂತರೆ ನಿಮ್ಮ ವಿಷಯಕ್ಕೆ ಜಾಗವೇ ಉಳಿಯುವುದಿಲ್ಲ. ಒಂದೇ ಪತ್ರ ಬರೆದು ಹೆಸರು ಮಾತ್ರ ಬದಲಿಸಿ ಕಳಿಸುವ ಕೆಲಸ ಇದಲ್ಲ. ನಿಯಮ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ವರ್ಷದ ಪುಟವನ್ನೇ ನೋಡಿ.

ಕಾನೂನು_ಮೇಷ್ಟ್ರು

ನೋಡಮ್ಮ, ಪ್ಯಾರಾ ತಿದ್ದುವುದನ್ನು ಸದ್ಯಕ್ಕೆ ಬಿಟ್ಟುಬಿಡು. ನನ್ನ ಪ್ರಶ್ನೆಗೆ ಉತ್ತರ ಹೇಳು. ನೀನು ಓಡಾಡಿದ ಪಿಟಿಸಿಎಲ್ ಕೇಸುಗಳಲ್ಲಿ ಮನೆಗೆ ಹೋದ ಮೇಲೂ ತಲೆಯಲ್ಲಿ ಉಳಿದದ್ದು ಯಾವುದು? ಸೋತದ್ದೋ ಗೆದ್ದದ್ದೋ ಮುಖ್ಯ ಅಲ್ಲ. ಹೆಸರು, ಊರು, ಸರ್ವೆ ನಂಬರ್ ಬೇಡ. ಇಂಗ್ಲಿಷೂ ಬೇಡ. ನಮ್ಮ ಮುಂದೆ ಕೂತು ಮಾತಾಡುವ ಹಾಗೆ ಬರೆ.

ಧಾರವಾಡದ_ಜೂನಿಯರ್

ಸರ್, ಒಂದು ಇದೆ.

ಅರ್ಜಿದಾರನ ಅಜ್ಜನಿಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಜಮೀನು ಸಿಕ್ಕಿತ್ತು. ಇಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತು. ಆ ಅವಧಿ ಮುಗಿಯುವ ಮುಂಚೆಯೇ ಸಾಲಕ್ಕಾಗಿ ಬರೆದುಕೊಟ್ಟಿದ್ದರು. ಮೊಮ್ಮಗ ಅರ್ಜಿ ಹಾಕುವ ಹೊತ್ತಿಗೆ ದಶಕಗಳೇ ಆಗಿದ್ದವು. ತಡವಾಗಿದೆ ಅಂತ ಅರ್ಜಿ ವಜಾ ಆಯಿತು. ಅವನು ಹೊರಗೆ ಬಂದು ನನ್ನನ್ನು ಕೇಳಿದ: "ಮೇಡಂ, ಇಂಥಾ ಕಾಯ್ದೆ ಐತಿ ಅಂತ ನಮ್ಮ ಅಜ್ಜಗ ಯಾರರ ಹೇಳಿದ್ರೇನು? ಗೊತ್ತಿಲ್ಲದ್ದಕ್ಕೆ ತಡ ಅಂದ್ರ ಹೆಂಗ?"

ಅದಕ್ಕಿಂತ ಜಾಸ್ತಿ ಕಾಡಿದ್ದು ಎದುರಿನ ಪಾರ್ಟಿ. ಈಗ ಆ ಜಮೀನು ಇರುವುದು ಮೊದಲು ಕೊಂಡವನ ಕೈಯಲ್ಲಲ್ಲ. ಅವನಿಂದ ಮತ್ತೊಬ್ಬರು, ಅವರಿಂದ ಇನ್ನೊಬ್ಬರು ಕೊಂಡಿದ್ದಾರೆ. ಕೊನೆಯವರೂ ಎರಡು ಎಕರೆಯ ಸಣ್ಣ ರೈತರು. ಬಾವಿ ತೋಡಿಸಿದ್ದಾರೆ, ಸೊಸೈಟಿ ಸಾಲ ಇದೆ. ಅವರ ಮುಖ ನೋಡಿದರೆ ಅದೂ ಅನ್ಯಾಯ ಅನಿಸುತ್ತದೆ. ಕಕ್ಷಿದಾರನ ಪರ ನಿಂತವಳು ನಾನು, ಆದರೆ ಇದಕ್ಕೆ ಸರಿಯಾದ ಉತ್ತರ ನನಗೆ ಸಿಕ್ಕಿಲ್ಲ. ಇದನ್ನೆಲ್ಲ ಬರೆದರೆ ನನ್ನ ವಾದವೇ ದುರ್ಬಲ ಅಂತ ಅಂದುಕೊಳ್ಳುವುದಿಲ್ಲವೇ?

ಕಾನೂನು_ಮೇಷ್ಟ್ರು

ಇದನ್ನೇ ಬರೆಯಬೇಕಾದ್ದು! ಮೊದಲ ಪ್ಯಾರಾವನ್ನು ಪೂರ್ತಿ ತೆಗೆದುಹಾಕು.

ಈ ವೇದಿಕೆಯಲ್ಲಿ ಬೇರೆಯವರೂ ಓದುತ್ತಾರೆ, ಹಾಗಾಗಿ ಕಾನೂನಿನ ಎಳೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈತಪ್ಪಿ ಹೋಗುವುದನ್ನು ತಡೆಯಲು. ಷರತ್ತು ಮೀರಿ ಆದ ಮಾರಾಟ ಕಾಯ್ದೆಗಿಂತ ಮೊದಲು ನಡೆದಿದ್ದರೂ ಅಸಿಂಧು ಅನ್ನುತ್ತದೆ 4ನೇ ಸೆಕ್ಷನ್. ವಾಪಸ್ ಕೊಡಿಸುವ ಅಧಿಕಾರ 5ನೇ ಸೆಕ್ಷನ್ನಿನಲ್ಲಿ ಎ.ಸಿ.ಗೆ ಇದೆ. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಅರ್ಜಿಗೆ ಇಷ್ಟೇ ವರ್ಷ ಅಂತ ಕಾಯ್ದೆಯಲ್ಲಿ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟ್, ಸಕಾಲದಲ್ಲಿ ಬರಬೇಕು ಅಂದಿತು. ಆಮೇಲೆ ಎಷ್ಟೋ ಅರ್ಜಿಗಳು ಇದೇ ಕಾರಣಕ್ಕೆ ಬಿದ್ದುಹೋದವು. 2023ರಲ್ಲಿ ನಮ್ಮ ಶಾಸನಸಭೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. ಅಲ್ಲಿಗೂ ಮುಗಿಯಲಿಲ್ಲ. ಕಾಲಮಿತಿ ಬೇರೆ, ಅತಿಯಾದ ವಿಳಂಬ ಬೇರೆ ಅಂತ 2024ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು.

ಈಗ ಹೊರಗಿನ ಓದುಗರನ್ನು ನೆನಪಿಸಿಕೋ. ಬಾಸ್ಟನ್ನಿನಲ್ಲಿ ಕೂತವರಿಗೆ ಪಿಟಿಸಿಎಲ್ ಗೊತ್ತಿಲ್ಲ. ಆದರೆ ಹಕ್ಕು ಇದೆ ಅಂತ ಗೊತ್ತೇ ಇಲ್ಲದವನ ವಿರುದ್ಧ ಕಾಲ ಓಡಬೇಕೇ ಅನ್ನುವ ಪ್ರಶ್ನೆ ಯಾವ ದೇಶದ ವಕೀಲರಿಗೂ ಅರ್ಥವಾಗುತ್ತದೆ. ದಕ್ಷಿಣ ಆಫ್ರಿಕಾ ನೋಡು. ಅಲ್ಲಿ 1994ರ ಭೂಮಿ ಮರಳಿಸುವ ಕಾಯ್ದೆ ಅರ್ಜಿ ಹಾಕಲು 1998ರ ಡಿಸೆಂಬರ್ 31 ಕೊನೆ ದಿನ ಅಂತ ಇಟ್ಟಿತು. 2014ರಲ್ಲಿ ಮತ್ತೆ ಬಾಗಿಲು ತೆರೆದರು. 2016ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದು ಮಾಡಿತು. ಜನರ ಅಭಿಪ್ರಾಯ ಸರಿಯಾಗಿ ಕೇಳಲಿಲ್ಲ ಅನ್ನುವುದು ಕಾರಣ. ಒಬ್ಬರು ಕೊನೆ ದಿನ ಇಟ್ಟರು, ನಾವು ಇಡಲೇ ಇಲ್ಲ, ಎರಡು ಕಡೆಯೂ ಜಗಳ ಉಳಿಯಿತು. ಇದನ್ನು ಓದಲು ಹೋಗುತ್ತಿದ್ದೇನೆ ಅಂತ ನೀನು ಬರೆದರೆ ಯಾಕೆ ಎಲ್‌ಎಲ್‌ಎಂ ಅನ್ನುವುದಕ್ಕೆ ಬೇರೆ ಉತ್ತರ ಬೇಕಾಗಿಲ್ಲ.

ಕೊಂಡ ರೈತರ ವಿಷಯ ಬಿಡಲೇಬೇಡ. ಅದರಿಂದ ನಿನ್ನ ವಾದ ದುರ್ಬಲವಾಗುವುದಿಲ್ಲ. ಎದುರಿನವನ ಕಷ್ಟವನ್ನೂ ನೋಡಬಲ್ಲಳು ಅಂತ ಅವರಿಗೆ ಗೊತ್ತಾಗುವುದು ಅಲ್ಲೇ. ಪರಿಹಾರ ಕೊಡಬೇಕಾದ್ದು ಸರ್ಕಾರವೇ, ಮೊದಲು ಕೊಂಡವನೇ, ಅಥವಾ ಬದಲಿ ಜಮೀನೇ? ಒಂದು ನಿಲುವು ತಗೋ. ನಾಳೆ ಬದಲಾದರೂ ಪರವಾಗಿಲ್ಲ.

ಕೋಲಾರದ_ಹುಡುಗ

ಮೇಷ್ಟ್ರ ಮಾತಿಗೆ ಪೂರ್ತಿ ಒಪ್ಪಿಗೆ. ಒಂದು ವಿಷಯ ನನಗೆ ಹತ್ತಿರದ್ದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಲಿತ ಕುಟುಂಬದವನು. ನಮ್ಮ ಮನೆಯಲ್ಲಿ ಕಾನೂನು ಓದಿದ ಮೊದಲಿಗ. ಇಂಗ್ಲೆಂಡಿನಲ್ಲಿ ಎಲ್‌ಎಲ್‌ಎಂ ಮುಗಿಸಿ ಬಂದಿದ್ದೇನೆ. ಅರ್ಜಿ ಬರೆಯುವಾಗ ಸುತ್ತಲಿದ್ದವರೆಲ್ಲ ಒಂದೇ ಸಲಹೆ ಕೊಟ್ಟರು: "ಕಷ್ಟ ಬರಿ, ಜಾಸ್ತಿ ಬರಿ, ಓದಿದವರಿಗೆ ಕಣ್ಣೀರು ಬರಬೇಕು." ನಾನು ಹಾಗೆ ಬರೆಯಲಿಲ್ಲ. ನಮ್ಮಪ್ಪ ಅಮ್ಮ ಪಟ್ಟ ಅವಮಾನವನ್ನು ಯಾರದೋ ಕರುಣೆ ಗಿಟ್ಟಿಸಲು ಖರ್ಚು ಮಾಡಲು ನನಗೆ ಇಷ್ಟವಿರಲಿಲ್ಲ. ಜಾತಿಯನ್ನು ಮುಚ್ಚಿಡಲೂ ಇಲ್ಲ. ಎಲ್ಲಿ ಅದು ನನ್ನ ಯೋಚನೆಗೆ ದಾರಿ ತೋರಿಸಿತೋ ಅಲ್ಲಿ ಬರೆದೆ. ಪೌರಕಾರ್ಮಿಕರ ಗುತ್ತಿಗೆ ಪದ್ಧತಿಯ ಬಗ್ಗೆ ನನಗೆ ಯಾಕೆ ಆಸಕ್ತಿ ಅಂತ ಹೇಳುವಾಗ ನಮ್ಮ ಬೀದಿ ಬಂತು, ಎರಡು ಸಾಲಿನಲ್ಲಿ. ಉಳಿದದ್ದೆಲ್ಲ ಕಾನೂನು.

ಅಕ್ಕ, ನಿಮ್ಮ ಬರಹದಲ್ಲಿ ಆ ಮೊಮ್ಮಗ ಬರುತ್ತಾನಲ್ಲ, ಅವನ ವಿಷಯದಲ್ಲೂ ಇದೇ ಎಚ್ಚರ ಇರಲಿ. ಅವನು ಕೋರ್ಟಿನ ಹೊರಗೆ ಕೇಳಿದ್ದು ಒಳ್ಳೆಯ ಕಾನೂನು ಪ್ರಶ್ನೆ. ಅವನನ್ನು ಪಾಪದವನ ಹಾಗೆ ತೋರಿಸಬೇಡಿ. ನಿಮ್ಮನ್ನು ಯೋಚಿಸುವ ಹಾಗೆ ಮಾಡಿದ ಮನುಷ್ಯನ ಹಾಗೆ ತೋರಿಸಿ. ನೀವು ಅವನನ್ನು ಉದ್ಧಾರ ಮಾಡಿದ ಹಾಗೆ ಒಂದು ವಾಕ್ಯವೂ ಬೇಡ.

ನ್ಯೂಜೆರ್ಸಿ_ಅಮ್ಮ

ಈ ಚರ್ಚೆ ಓದಿ ತುಂಬಾ ಖುಷಿಯಾಯಿತು. ನನ್ನ ಮಗಳು ಇಲ್ಲೇ ಹುಟ್ಟಿದವಳು, ಜೆಡಿಗೆ ಅರ್ಜಿ ಹಾಕುತ್ತಿದ್ದಾಳೆ. ಅದು ಇಲ್ಲಿನ ಮೊದಲ ಕಾನೂನು ಪದವಿ, ಮೂರು ವರ್ಷದ ಕೋರ್ಸು. ಎಲ್‌ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ, ಕಾಲೇಜಿನ ಸರಾಸರಿ ಅಂಕ (ಜಿಪಿಎ) ಜೊತೆಗೆ ಹೆಚ್ಚಿನ ಕಡೆ ಎರಡು ಪುಟದ ಸ್ಟೇಟ್‌ಮೆಂಟ್. ಇನ್ನೂ ಕಾನೂನು ಓದಿಲ್ಲದ ಮಕ್ಕಳು, ಹಾಗಾಗಿ ಕಾನೂನು ಸಮಸ್ಯೆ ಬಿಡಿಸು ಅಂತ ಯಾರೂ ಕೇಳುವುದಿಲ್ಲ. ನೀನು ಯಾರು ಅಂತ ಕೇಳುತ್ತಾರೆ. ನನಗೆ ಅದೇ ಜಾಸ್ತಿ ಕಷ್ಟ ಅನಿಸುತ್ತದೆ.

ಹಾರ್ವರ್ಡಿನ ಜೆಡಿಗೆ ಈಗ ಎರಡು ಬರಹ: ಯಾಕೆ ಕಾನೂನು ಅನ್ನುವುದು ಒಂದು, ನಿನ್ನ ಅನುಭವ ನಿನ್ನನ್ನು ಹೇಗೆ ರೂಪಿಸಿತು ಅನ್ನುವುದು ಇನ್ನೊಂದು. ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ 2023ರ ಜೂನ್ 29ರಂದು ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ಜನಾಂಗ ತನ್ನ ಬದುಕಿನ ಮೇಲೆ ಹೇಗೆ ಪರಿಣಾಮ ಬೀರಿತು ಅಂತ ವಿದ್ಯಾರ್ಥಿ ತಾನೇ ಬರೆದರೆ ಅದನ್ನು ಪರಿಗಣಿಸಬಹುದು ಅಂತ ಅದೇ ತೀರ್ಪಿನಲ್ಲಿದೆ.

ಮಗಳು ಮೊದಲು ಬರೆದದ್ದು ಅಜ್ಜಿ, ಮೈಸೂರು, ರಜೆಯ ನೆನಪು. ಓದಲು ಚೆನ್ನಾಗಿತ್ತು. ಆದರೆ ಅದರಲ್ಲಿ ಅಜ್ಜಿಯೇ ಇದ್ದರು, ಮಗಳು ಇರಲಿಲ್ಲ. ಈಗ ಬೇರೆ ಬರೆದಿದ್ದಾಳೆ. ಬಾಡಿಗೆದಾರರಿಗೆ ಉಚಿತ ನೆರವು ಕೊಡುವ ಒಂದು ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ ಮಾಡುತ್ತಿದ್ದಳು. ಮನೆ ಖಾಲಿ ಮಾಡಿಸುವ ನೋಟಿಸನ್ನು ಜನ ಓದದೆ ಪಕ್ಕಕ್ಕೆ ಇಡುವುದು ಯಾಕೆ ಅಂತ ಅವಳಿಗೆ ಅಲ್ಲಿ ಅರ್ಥವಾಯಿತು. ಅಜ್ಜಿ ಒಂದು ಸಾಲಿನಲ್ಲಿ ಉಳಿದಿದ್ದಾರೆ, ಅಷ್ಟು ಸಾಕು.

ಇನ್ನೊಂದು ಮಾತು. ಒಂದು ಸೆಮಿಸ್ಟರಿನಲ್ಲಿ ಅವಳ ಅಂಕ ಕಡಿಮೆ ಬಂದಿತ್ತು, ಕಾಯಿಲೆಯಿಂದ. ಅದನ್ನು ಮುಖ್ಯ ಬರಹದಲ್ಲಿ ತುರುಕಬಾರದು. ಅಡೆಂಡಮ್ ಅಂತ ಬೇರೆ ಹಾಳೆ ಇರುತ್ತದೆ. ಏನಾಯಿತು, ಯಾವಾಗ ಸರಿಹೋಯಿತು, ಕೆಲವೇ ಸಾಲು.

ಪೋಸ್ಟ್_ಬಾಕ್ಸ್_577

ಯಾರೂ ಕೇಳುತ್ತಿಲ್ಲ ಅಂತ ನಾನೇ ಕೇಳುತ್ತೇನೆ. ಚಾಟ್‌ಜಿಪಿಟಿಗೆ ಹೇಳಿದರೆ ಒಂದು ನಿಮಿಷದಲ್ಲಿ ಒಳ್ಳೆ ಇಂಗ್ಲಿಷಿನಲ್ಲಿ ಬರೆದುಕೊಡುತ್ತದೆ. ನಮ್ಮಂಥ ಕನ್ನಡ ಮಾಧ್ಯಮದವರಿಗೆ ಅದು ತಪ್ಪೇ? ಇಂಗ್ಲಿಷ್ ಮಾಧ್ಯಮದ ಶ್ರೀಮಂತರ ಮಕ್ಕಳಿಗೆ ತಿದ್ದಿಕೊಡಲು ದುಡ್ಡಿನ ಟ್ಯೂಟರ್ ಇರುತ್ತಾರಲ್ವಾ?

ಲಂಡನ್_ಕನ್ನಡತಿ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ದುಡ್ಡಿದ್ದವರಿಗೆ ಸಹಾಯ ಸಿಗುವುದು ನಿಜ.

ನಿಯಮ ಶಾಲೆಯಿಂದ ಶಾಲೆಗೆ ಬೇರೆ. 2023ರಲ್ಲೇ ಮಿಷಿಗನ್ ಲಾ ಸ್ಕೂಲ್ ಸ್ಟೇಟ್‌ಮೆಂಟಿಗೆ ಎಐ ಬಳಸಬಾರದು ಅಂತ ಹೇಳಿತು. ಅದೇ ಬೇಸಿಗೆಯಲ್ಲಿ ಅರಿಜೋನ ಸ್ಟೇಟ್ ಲಾ ಸ್ಕೂಲ್ ಬಳಸಬಹುದು ಅಂತ ಹೇಳಿತು. ಬಳಸಬಾರದು ಅಂದ ಕಡೆ ಬಳಸಿ ಸಹಿ ಹಾಕಿದರೆ ಅದು ಸುಳ್ಳು ಪ್ರಮಾಣ. ವಕೀಲರಾಗಲು ಹೊರಟವರಿಗೆ ಅದು ಸಣ್ಣ ವಿಷಯ ಅಲ್ಲ.

ನಿಯಮ ಪಕ್ಕಕ್ಕಿಡಿ. ಜೂನಿಯರ್ ಅವರ ಮೊದಲ ಪ್ಯಾರಾ ಇದೆಯಲ್ಲ, ಯಂತ್ರ ಬರೆದುಕೊಡುವುದು ಅದನ್ನೇ, ಇನ್ನಷ್ಟು ನುಣುಪಾಗಿ. ಎರಡು ಎಕರೆಯ ರೈತರ ಬಾವಿ ಅದಕ್ಕೆ ಗೊತ್ತಿಲ್ಲ. ಇಂಗ್ಲಿಷ್ ಸರಳವಾಗಿದ್ದರೆ ಯಾರೂ ತಳ್ಳಿಹಾಕುವುದಿಲ್ಲ. ಸಣ್ಣ ವಾಕ್ಯ ಬರೆಯಿರಿ. ವ್ಯಾಕರಣ ನೋಡಲು ಒಬ್ಬ ಗೆಳೆಯರಿಗೆ ಕೊಡಿ. ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಏನು ಹೇಳಬೇಕು ಅನ್ನುವುದು ಸ್ಪಷ್ಟವಾಗುತ್ತದೆ.

ಕೋಲಾರದ_ಹುಡುಗ

ಕನ್ಸಲ್ಟೆನ್ಸಿಗಳ ಬಗ್ಗೆಯೂ ಹುಷಾರು. ನನ್ನ ಗೆಳೆಯನೊಬ್ಬ ಬೆಂಗಳೂರಿನ ಒಂದು ಕಡೆ ದೊಡ್ಡ ಮೊತ್ತ ಕೊಟ್ಟು ಬರೆಸಿದ. ಅವರು ಕೊಟ್ಟ ಬರಹದಲ್ಲಿ ಅವನು ಎಂದೂ ಹೋಗದ ಕಾನೂನು ನೆರವು ಶಿಬಿರದ ವರ್ಣನೆ ಇತ್ತು. ಸಂದರ್ಶನದಲ್ಲಿ ಅದನ್ನೇ ಕೇಳಿದರು, ಇವನ ಹತ್ತಿರ ಉತ್ತರ ಇರಲಿಲ್ಲ. ದುಡ್ಡೂ ಹೋಯಿತು, ಸೀಟೂ ಹೋಯಿತು.

ಧಾರವಾಡದ_ಜೂನಿಯರ್

ಎಲ್ಲರಿಗೂ ಧನ್ಯವಾದ. ಹೊಸದಾಗಿ ಬರೆದಿದ್ದೇನೆ. ಶುರುವಾಗುವುದು ಹೀಗೆ:

"ಹಾವೇರಿ ಜಿಲ್ಲೆಯ ಒಂದು ಕಂದಾಯ ನ್ಯಾಯಾಲಯದಲ್ಲಿ ನನ್ನ ಕಕ್ಷಿದಾರನ ಅರ್ಜಿ ವಜಾ ಆದದ್ದು ಅವನ ಹಕ್ಕಿನ ಬಗ್ಗೆ ಅನುಮಾನ ಇದ್ದುದರಿಂದಲ್ಲ. ಅವನ ಅಜ್ಜನ ಜಮೀನು ಕಾನೂನುಬಾಹಿರವಾಗಿ ಕೈಬದಲಾಗಿತ್ತು ಎಂಬುದನ್ನು ಎದುರಿನವರೂ ಅಲ್ಲಗಳೆಯಲಿಲ್ಲ. ಅವನು ತಡವಾಗಿ ಬಂದಿದ್ದ, ಅಷ್ಟೇ. ಮುಂದೆ ಶಾಸನಸಭೆ ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು ಈ ಕಾಯ್ದೆಯಲ್ಲಿ ಬರೆಯಿತು. ಆಗ ನನ್ನ ಕಕ್ಷಿದಾರನಿಗೆ ಆಸೆ ಹುಟ್ಟಿತು, ಜಮೀನನ್ನು ಮೂರನೇ ಕೈಯಿಂದ ಕೊಂಡು ಬಾವಿ ತೋಡಿಸಿದ ರೈತನಿಗೆ ಭಯ ಹುಟ್ಟಿತು. ಇಬ್ಬರಿಗೂ ನ್ಯಾಯ ಸಿಗುವ ಹಾಗೆ ಕಾನೂನು ಬರೆಯಬಹುದೇ ಎಂಬುದು ನನ್ನ ಪ್ರಶ್ನೆ. ಜಮೀನು ಮೂಲ ಕುಟುಂಬಕ್ಕೆ ಮರಳಬೇಕು, ಕೊನೆಯಲ್ಲಿ ಕೊಂಡ ಸಣ್ಣ ರೈತನಿಗೆ ಸರ್ಕಾರ ಪರಿಹಾರ ಕೊಡಬೇಕು ಎಂಬುದು ನನ್ನ ವಾದ."

ನ್ಯೂಜೆರ್ಸಿ_ಅಮ್ಮ

ಕಾನೂನು ಗೊತ್ತಿಲ್ಲದ ನನಗೂ ಪೂರ್ತಿ ಅರ್ಥವಾಯಿತು. ಮುಂದೆ ಓದಬೇಕು ಅನಿಸಿತು.

ಕಾನೂನು_ಮೇಷ್ಟ್ರು

ತುಂಬಾ ಚೆನ್ನಾಗಿದೆ. ಇನ್ನು ತಿದ್ದುವುದು ಸ್ವಲ್ಪವೇ.

ಕಕ್ಷಿದಾರನ ಗುರುತು ಸಿಗುವ ಯಾವ ವಿವರವೂ ಬೇಡ. "ಹಾವೇರಿ ಜಿಲ್ಲೆ" ಅಂದದ್ದು ಸಾಕು, ಊರು ಬೇಡ. ಅವನು ನಿನಗೆ ಹೇಳಿದ ಮಾತನ್ನು ಬಳಸುವುದಾದರೆ ಅವನ ಒಪ್ಪಿಗೆ ಕೇಳು. ಕಕ್ಷಿದಾರ ವಕೀಲರಿಗೆ ಹೇಳಿದ್ದು ಗೋಪ್ಯ. ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಸೆಕ್ಷನ್ನಿನಲ್ಲಿ ಇದ್ದದ್ದು 2024ರ ಜುಲೈ 1ರಿಂದ ಹೊಸ ಅಧಿನಿಯಮದ 132ಕ್ಕೆ ಬಂದಿದೆ. ಪ್ರಕರಣ ಬಾಕಿ ಇದ್ದರೆ ಇನ್ನೂ ಹುಷಾರಾಗಿರಬೇಕು.

"ನಿಮ್ಮ ಶಾಲೆಯೇ ಯಾಕೆ" ಅನ್ನುವ ಭಾಗಕ್ಕೆ ಆ ಶಾಲೆಯಲ್ಲಿ ಭೂಮಿ, ಆಸ್ತಿ, ಹಳೆಯ ಅನ್ಯಾಯಕ್ಕೆ ಪರಿಹಾರ ಇಂಥ ವಿಷಯ ಯಾರು ಪಾಠ ಮಾಡುತ್ತಾರೆ ನೋಡು. ಅವರ ಒಂದು ಲೇಖನವನ್ನಾದರೂ ನಿಜವಾಗಿ ಓದು. ಓದದೆ ಹೆಸರು ಹಾಕಬೇಡ.

ಕೋಲಾರದ_ಹುಡುಗ

ಸ್ಕಾಲರ್‌ಶಿಪ್ ನೋಡುತ್ತಿರುವ ಎಲ್ಲರಿಗೂ: ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ 2,800 ಗಂಟೆ ಕೆಲಸದ ಅನುಭವ ಬೇಕು, ಅದರ ಪ್ರಶ್ನೆಗಳೇ ಬೇರೆ. ನಾಯಕತ್ವ, ಜನಸಂಪರ್ಕ, ಮುಂದಿನ ಯೋಜನೆ ಕೇಳುತ್ತಾರೆ. ಅಲ್ಲಿಗೆ ಈ ಬರಹವನ್ನೇ ಅಂಟಿಸಬೇಡಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ ಹಾಕುವ ಎಸ್‌ಸಿ ವಿದ್ಯಾರ್ಥಿಗಳು ಗಮನಿಸಿ. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಅಧ್ಯಯನದ ವಿಷಯಗಳಿಗೆ ಹಣ ಇಲ್ಲ ಅಂತ 2022ರಲ್ಲಿ ಷರತ್ತು ಹಾಕಿದರು. ನಮ್ಮವರಿಗೇ ನಮ್ಮ ಸಮಾಜದ ಬಗ್ಗೆ ಓದಲು ಹಣ ಇಲ್ಲ ಅನ್ನುವುದು ನನಗೆ ಇಂದಿಗೂ ನೋವಿನ ವಿಷಯ. ನಿಮ್ಮ ವಿಷಯ ಬರೆಯುವ ಮುಂಚೆ ಆ ವರ್ಷದ ಮಾರ್ಗಸೂಚಿ ಓದಿ.

ಧಾರವಾಡದ_ಜೂನಿಯರ್

ಕೊನೆಯ ಪ್ರಶ್ನೆ. ಶಿಫಾರಸು ಪತ್ರ ಕೇಳಿದ್ದಕ್ಕೆ ಸೀನಿಯರ್ "ನೀನೇ ಬರೆದು ತಾ, ಸಹಿ ಹಾಕ್ತೀನಿ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಏನು ಮಾಡಲಿ?

ಕಾನೂನು_ಮೇಷ್ಟ್ರು

ನೀನು ಬರೆಯಬೇಡ. ಎರಡೂ ಬರಹ ಒಂದೇ ಕೈಯಿಂದ ಬಂದದ್ದು ಓದುವವರಿಗೆ ಗೊತ್ತಾಗುತ್ತದೆ, ಮತ್ತು ಆ ಪತ್ರ ಅವರ ಮಾತು ಆಗಿರಬೇಕು. ಒಂದು ಹಾಳೆಯಲ್ಲಿ ನೀನು ಕೆಲಸ ಮಾಡಿದ ಪ್ರಕರಣ, ಹುಡುಕಿಕೊಟ್ಟ ತೀರ್ಪು, ತಯಾರಿಸಿದ ಕರಡು ಎಲ್ಲ ಪಟ್ಟಿ ಮಾಡಿ ಕೊಡು. ಸಂಜೆ ಕಚೇರಿಯಲ್ಲಿ ಬಿಡುವಾದಾಗ ಅವರು ನಿನ್ನ ಕೆಲಸದ ಬಗ್ಗೆ ಕನ್ನಡದಲ್ಲೇ ಹೇಳಲಿ, ಅವರ ಸ್ಟೆನೋ ಇಂಗ್ಲಿಷಿಗೆ ಇಳಿಸಲಿ, ಅವರು ಓದಿ ತಿದ್ದಿ ಸಹಿ ಹಾಕಲಿ. ಅಪ್‌ಲೋಡ್ ಮಾಡುವ ಕೊಂಡಿ ಅವರ ಇಮೇಲಿಗೇ ಬರುತ್ತದೆ. ಅವರು ಇಮೇಲ್ ನೋಡುವವರಲ್ಲ ಅಂದರೆ ಈಗಲೇ ಸ್ಟೆನೋಗೆ ಹೇಳಿಡು. ಡಿಸೆಂಬರ್ ಬಂದರೆ ಕೋರ್ಟ್ ರಜೆ, ಯಾರೂ ಕೈಗೆ ಸಿಗುವುದಿಲ್ಲ.